ಮೂರು ಗಡಿ ಕೂಡುವ ಮೂಲೆ: ಒಬ್ಬ ಮೋಜಣಿದಾರನ ಅನುಭವ

ಜಮೀನು ಅಳೆಯುವುದು ನನ್ನ ಕಸುಬು. ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಕಬ್ಬಿನ ಗದ್ದೆಗಳಲ್ಲೇ ನನ್ನ ಅರ್ಧ ಆಯಸ್ಸು ಕಳೆದಿದೆ. ಕಳೆದ ಬೇಸಿಗೆ ರಜೆಯಲ್ಲಿ ನಮ್ಮೂರ ಪಂಚಾಯಿತಿ ಗ್ರಂಥಾಲಯದ ಮಕ್ಕಳಿಗೆ ನಕ್ಷೆ ಬರೆಯುವುದನ್ನು ಹೇಳಿಕೊಡಲು ಕರೆದರು. ಎರಡನೇ ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಭಾರತ, ಚೀನಾ, ಭೂತಾನ್ ಮೂರೂ ಸೇರೋ ಕಡೆ ಕಲ್ಲು ನೆಟ್ಟಿದ್ದಾರಾ?" ಅಂದಳು. ನನಗೆ ಉತ್ತರ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಅಂದೆ. ಆ ನಾಳೆ ನಾಲ್ಕು ತಿಂಗಳಾಯಿತು.

ಮೊದಲು ಸರ್ವೆ ಆಫ್ ಇಂಡಿಯಾದ ನಕ್ಷೆ ತಂದು ಗೋಡೆಗೆ ಹಾಕಿದೆ. ಭಾರತದ ಹೊರಗಡಿ ಅದರಲ್ಲಿರುವಂತೆಯೇ ಇರಬೇಕು. ಅದಕ್ಕೆ ಹೊಂದದ ನಕ್ಷೆ ಪ್ರಕಟಿಸಿದರೆ ಅಪರಾಧ. ಮಕ್ಕಳಿಗೆ ಮೊದಲ ಅಚ್ಚರಿ ಅಲ್ಲೇ ಸಿಕ್ಕಿತು: ನಮ್ಮ ಗೃಹ ಸಚಿವಾಲಯದ ಲೆಕ್ಕದಲ್ಲಿ ಅಫ್ಘಾನಿಸ್ತಾನದ ಜೊತೆಗೂ ನಮಗೆ 106 ಕಿಲೋಮೀಟರ್ ಗಡಿಯಿದೆ. ಅದು ಪಾಕಿಸ್ತಾನ ಆಕ್ರಮಿಸಿಕೊಂಡಿರುವ ಕಾಶ್ಮೀರದ ಭಾಗದಲ್ಲಿದೆ. ಆಮೇಲೆ ಮೂರು ಗಡಿ ಕೂಡುವ ಒಂದೊಂದು ಮೂಲೆಗೂ ಬೇರೆ ಹಾಳೆ ಮಾಡಿ, ಒಪ್ಪಂದದ ಮಾತು ಏನು ಹೇಳುತ್ತದೋ ಅಷ್ಟನ್ನು ಮಾತ್ರ ಗೆರೆಯಾಗಿ ಇಳಿಸುತ್ತಾ ಹೋದೆ. ಟಿಪ್ಪಣಿ ಪುಸ್ತಕ ಹಿಡಿದು ಗದ್ದೆಗೆ ಇಳಿಯುವ ಹಾಗೆಯೇ.

ಹುಡುಗಿ ಕೇಳಿದ ಮೂಲೆ ಇರುವುದು ಡೋಕ್ಲಾಮ್ ಪ್ರಸ್ಥಭೂಮಿಯ ಕಡೆ. ಆ ಹಾಳೆಗೇ ಒಂದು ತಿಂಗಳು ಹಿಡಿಯಿತು. 1890ರಲ್ಲಿ ಬ್ರಿಟಿಷರೂ ಚೀನಾದ ಚಿಂಗ್ ಅರಸೊತ್ತಿಗೆಯೂ ಕಲ್ಕತ್ತೆಯಲ್ಲಿ ಮಾಡಿಕೊಂಡ ಒಪ್ಪಂದ ಸಿಕ್ಕಿಂ–ಟಿಬೆಟ್ ಗಡಿಯನ್ನು ಎರಡು ಬಗೆಯಲ್ಲಿ ಹೇಳುತ್ತದೆ. ಭೂತಾನ್ ಗಡಿಯ ಗಿಪ್‌ಮೋಚಿ ಬೆಟ್ಟದಿಂದ ಗಡಿ ಶುರು ಎನ್ನುತ್ತದೆ. ಸಿಕ್ಕಿಂನ ತೀಸ್ತಾ ನದಿ ಕಡೆಗೆ ಹರಿಯುವ ನೀರನ್ನೂ ಟಿಬೆಟ್ ಕಡೆಗೆ ಹರಿಯುವ ನೀರನ್ನೂ ಬೇರ್ಪಡಿಸುವ ಬೆಟ್ಟಸಾಲಿನ ಏಣಿನ ಮೇಲೇ ಗಡಿ ಸಾಗುತ್ತದೆ ಎಂದೂ ಹೇಳುತ್ತದೆ. ಚೀನಾ ಬೆಟ್ಟದ ಹೆಸರನ್ನು ಹಿಡಿದಿದೆ. ನೀರು ಒಡೆಯುವ ಏಣನ್ನು ಹಿಡಿದರೆ ಮೂಲೆ ಉತ್ತರಕ್ಕೆ, ಬಟಾಂಗ್ ಲಾ ಎಂಬ ಕಣಿವೆದಾರಿಗೆ ಬರುತ್ತದೆ. ಭಾರತದ ನಿಲುವು ಅದು. ನಡುವೆ ಆರೇಳು ಕಿಲೋಮೀಟರ್. 2017ರಲ್ಲಿ ಎರಡೂ ಸೇನೆಗಳು 73 ದಿನ ಎದುರುಬದುರು ನಿಂತದ್ದು ಈ ಪ್ರಸ್ಥಭೂಮಿಯ ಮೇಲೆ. ಕಾಗದದಲ್ಲೊಂದು, ನೆಲದಲ್ಲೊಂದು ಅನ್ನುವುದು ನನ್ನ ಕಸುಬಿನಲ್ಲಿ ದಿನಾ ಕಾಣುವ ಸಂಗತಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಆ ಮೂಲೆಗೆ ಭೂತಾನವೂ ಹಕ್ಕುದಾರ, ಆದರೆ 1890ರ ಕಾಗದದಲ್ಲಿ ಅದರ ಸಹಿಯೇ ಇಲ್ಲ.

ಅದನ್ನು ಓದಿದ ರಾತ್ರಿ ನನ್ನ ಹಳೆಯ ತಪ್ಪೊಂದು ನೆನಪಾಗಿ ನಿದ್ದೆ ಬರಲಿಲ್ಲ. ಕಸುಬಿಗೆ ಬಂದ ಹೊಸತು. ಅಣ್ಣತಮ್ಮಂದಿರ ಬದುವಿನ ವ್ಯಾಜ್ಯ ಬಗೆಹರಿಸಿ, ಇಬ್ಬರೂ ಒಪ್ಪಿದರು ಅಂತ ಬದುವಿನ ಕೊನೆಗೆ ಕಲ್ಲು ನೆಡಿಸಿದ್ದೆ. ಆ ಕೊನೆಯಲ್ಲಿ ಒಬ್ಬ ಅಜ್ಜಿಯ ಹೊಲವೂ ಬಂದು ಕೂಡುತ್ತಿತ್ತು. ಮಾರನೇ ದಿನ ಅಜ್ಜಿ ಬಂದು, "ಏನಪ್ಪ, ನನ್ ಮೂಲೇಲಿ ಕಲ್ಲು ನೆಡ್ಸಿದ್ದೀಯಲ್ಲ, ನನ್ನ ಒಂದ್ ಮಾತು ಕೇಳ್ದ್ಯಾ?" ಅಂದರು. ಅಳೆದು ನೋಡಿದರೆ ಕಲ್ಲು ಅವರ ಹೊಲದೊಳಗೆ ಎರಡು ಹೆಜ್ಜೆ ಹೋಗಿತ್ತು. ಕೀಳಿಸಿ, ಮೂವರನ್ನೂ ಕರೆಸಿ, ಮೊದಲಿಂದ ಅಳೆದೆ. 2012ರಲ್ಲಿ ಗಡಿ ಮಾತುಕತೆಗೆ ಭಾರತ ಮತ್ತು ಚೀನಾ ನೇಮಿಸಿದ ವಿಶೇಷ ಪ್ರತಿನಿಧಿಗಳು ಒಪ್ಪಿಕೊಂಡದ್ದೂ ಇದನ್ನೇ: ಮೂರು ದೇಶ ಕೂಡುವ ಬಿಂದುಗಳನ್ನು ಸಂಬಂಧಪಟ್ಟ ಮೂರನೇ ದೇಶದ ಜೊತೆ ಮಾತಾಡಿಯೇ ಗೊತ್ತುಮಾಡಬೇಕು.

ಭಾರತ, ನೇಪಾಳ, ಚೀನಾ ಕೂಡುವ ಲಿಪುಲೇಖ್ ಹಾಳೆಯ ತೊಡಕು ಹೊಳೆಯದು. ಬ್ರಿಟಿಷರೂ ನೇಪಾಳವೂ ಮಾಡಿಕೊಂಡ 1816ರ ಸುಗೌಲಿ ಒಪ್ಪಂದ ಕಾಳಿ ನದಿಯನ್ನು ಗಡಿ ಅಂದಿತು. ಕಾಳಿ ಹುಟ್ಟುವುದು ಎಲ್ಲಿ? ಲಿಂಪಿಯಾಧುರಾದಲ್ಲಿ ಎಂದು ನೇಪಾಳ, ಕಾಲಾಪಾನಿಯ ಬುಗ್ಗೆಗಳಲ್ಲಿ ಎಂದು ಭಾರತ. ಮೇಲಕ್ಕೆ ಹೋದಂತೆ ಹಳ್ಳ ಎರಡಾಗಿ ಒಡೆದರೆ ಯಾವುದು ಹಳ್ಳ, ಯಾವುದು ಅದರ ಕವಲು ಎಂದು ನಮ್ಮಲ್ಲೂ ಜಗಳ ಬೀಳುತ್ತದೆ. 2020ರಲ್ಲಿ ನೇಪಾಳ ಹೊಸ ನಕ್ಷೆ ಹೊರಡಿಸಿತು, ಭಾರತ ಒಪ್ಪಲಿಲ್ಲ.

ಸಿಯಾಚಿನ್ ಹಾಳೆ ಬರೆಯುವಾಗ ಮಾತ್ರ ಕೈ ನಿಂತೇಬಿಟ್ಟಿತು. ಭಾರತ ಮತ್ತು ಪಾಕಿಸ್ತಾನ ಮಾಡಿಕೊಂಡ 1949ರ ಕರಾಚಿ ಒಪ್ಪಂದದ ಕದನವಿರಾಮ ರೇಖೆ ಎನ್‌ಜೆ 9842 ಎಂಬ ಬಿಂದುವಿನವರೆಗೆ ಸ್ಪಷ್ಟವಾಗಿದೆ. ಮುಂದಕ್ಕೆ ಇರುವುದು "ಅಲ್ಲಿಂದ ಉತ್ತರಕ್ಕೆ ಹಿಮನದಿಗಳವರೆಗೆ" ಅನ್ನುವಷ್ಟೇ ಮಾತು. ಕೋನವಿಲ್ಲ, ಅಳತೆಯಿಲ್ಲ, ಕೊನೆಯ ಗುರುತಿಲ್ಲ. ಯಾರೂ ಹೋಗದ ಜಾಗವೆಂದು ಬಿಟ್ಟಿದ್ದರು. 1984ರ ಏಪ್ರಿಲ್ 13ರಂದು ನಮ್ಮ ಸೈನಿಕರು ಅಲ್ಲಿಗೆ ಹತ್ತಿದರು. ಅಂದಿನಿಂದ ಅಲ್ಲಿ ಎರಡೂ ಕಡೆಯವರು ಗುಂಡಿಗಿಂತ ಹೆಚ್ಚಾಗಿ ಹಿಮಕುಸಿತಕ್ಕೆ, ಚಳಿಗೆ ಸತ್ತಿದ್ದಾರೆ. ಅರ್ಧ ಸಾಲಿಗೆ ಬಿಟ್ಟ ಗಡಿಯ ಬೆಲೆ ಇಷ್ಟಿರುತ್ತದೆ ಎಂದು ನಾನು ಎಂದೂ ಯೋಚಿಸಿರಲಿಲ್ಲ. ಅದರ ಉತ್ತರಕ್ಕೇ ಶಕ್ಸ್‌ಗಮ್ ಕಣಿವೆ ಇದೆ. 1963ರಲ್ಲಿ ಪಾಕಿಸ್ತಾನ ಚೀನಾದ ಜೊತೆ ಅಲ್ಲಿನ ಗಡಿ ಒಪ್ಪಂದ ಮಾಡಿಕೊಂಡಿತು, ಭಾರತ ಅದನ್ನು ಒಪ್ಪಿಲ್ಲ. ಕಾಶ್ಮೀರದ ಪ್ರಶ್ನೆ ತೀರಿದ ಮೇಲೆ ಮತ್ತೆ ಮಾತುಕತೆ ಎಂದು ಅದರ ಆರನೇ ಕಲಮೇ ಹೇಳುತ್ತದೆ.

ಹುಡುಗಿಗೆ ಕೊನೆಗೂ ಉತ್ತರ ಹೇಳಿದೆ: ಆ ಮೂಲೆ ಎಲ್ಲಿ ಅಂತಲೇ ಮೂವರೂ ಇನ್ನೂ ಒಪ್ಪಿಲ್ಲವಮ್ಮ. ಅವಳು ಹಾಳೆಯನ್ನು ತುಂಬ ಹೊತ್ತು ನೋಡಿ, "ಬೇರೆ ಕಡೆನೂ ಹಿಂಗೇ ಇದೆಯಾ ಸಾರ್?" ಅಂದಳು. ಈಗ ಅವಳೇ ಬರ್ಮಾ, ಚೀನಾ, ಭಾರತ ಕೂಡುವ ದಿಫು ಕಣಿವೆದಾರಿಯ ಹಾಳೆ ಶುರು ಮಾಡಿದ್ದಾಳೆ. ಗೆರೆಗಳು ಸದ್ಯಕ್ಕೆ ಪೆನ್ಸಿಲಿನಲ್ಲಿವೆ.