ಮಕ್ಕಳನ್ನು ಕರೆದುಕೊಂಡು ಪ್ಯಾರಿಸ್‌ಗೆ: ಮೈಸೂರಿನಿಂದ ಹೊರಡುವವರ ತಯಾರಿ

ಹತ್ತು ದಿನಕ್ಕೆ ಏಳು ದೇಶ ತೋರಿಸುವ ಪ್ಯಾಕೇಜಿನಲ್ಲಿ ಮಕ್ಕಳು ಹೆಚ್ಚಾಗಿ ನೋಡುವುದು ಮುಂದಿನ ಸೀಟಿನ ಬೆನ್ನನ್ನು. ಹನ್ನೆರಡರ ಒಳಗಿನ ಮಕ್ಕಳಿದ್ದರೆ ದೇಶಗಳನ್ನು ಎಣಿಸುವುದು ಬಿಟ್ಟು ರಾತ್ರಿಗಳನ್ನು ಎಣಿಸಿ. ಮುಖ್ಯ ಊರಿಗೆ ಕನಿಷ್ಠ ಐದು ರಾತ್ರಿ. ಎಂಟು ರಾತ್ರಿ ಕೈಯಲ್ಲಿದ್ದರೆ ಪ್ಯಾರಿಸ್‌ನಲ್ಲಿ ಐದು, ಆಮ್‌ಸ್ಟರ್‌ಡ್ಯಾಮಿನಲ್ಲಿ ಮೂರು. ನಡುವೆ ನೇರ ರೈಲಿದೆ, ಮೂರೂವರೆ ಗಂಟೆಯೊಳಗೆ ತಲುಪುತ್ತದೆ. ಮೂರನೇ ಊರು ಬೇಡ. ಊರು ಬದಲಿಸುವ ದಿನ ರೂಮು ಹನ್ನೊಂದಕ್ಕೆ ಬಿಡಬೇಕು, ಹೊಸ ರೂಮು ಸಿಗುವುದು ಮಧ್ಯಾಹ್ನ ಮೂರಕ್ಕೆ. ಪೆಟ್ಟಿಗೆ ಎಳೆದುಕೊಂಡು, ನಿದ್ದೆಗಣ್ಣಿನ ಮಗುವನ್ನು ಹೆಗಲಿಗೆ ಹಾಕಿಕೊಂಡು ಕಳೆಯುವ ಆ ದಿನವನ್ನು ಪ್ರವಾಸದ ದಿನ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ಇಲ್ಲಿ ಪ್ಯಾರಿಸ್ ಹಿಡಿದು ವಿವರಿಸಿದ್ದೇವೆ. ಬೆಂಗಳೂರಿನಿಂದ ನೇರ ವಿಮಾನವಿದೆ, ಮಕ್ಕಳಿಗೆ ಬಹಳ ಕಡೆ ಪ್ರವೇಶ ಉಚಿತ, ಸಾಂಬಾರ್ ಪುಡಿಯೂ ಸಿಗುತ್ತದೆ. ಕೊಲ್ಲಿ ದೇಶಗಳಲ್ಲಿ ವಿಮಾನ ಬದಲಿಸಿದರೆ ಟಿಕೆಟ್ ಅಗ್ಗವಾಗಬಹುದು. ಆದರೆ ನಡುರಾತ್ರಿ ಹತ್ತಿಸಿದ ಮಗುವನ್ನು ನಾಲ್ಕು ಗಂಟೆಗೆ ಮತ್ತೆ ಎಬ್ಬಿಸಿ ಇನ್ನೊಂದು ಸೆಕ್ಯೂರಿಟಿ ಕ್ಯೂನಲ್ಲಿ ನಿಲ್ಲಿಸಬೇಕು. ಐದು ವರ್ಷದೊಳಗಿನ ಮಕ್ಕಳಿದ್ದರೆ ನೇರ ವಿಮಾನಕ್ಕೆ ಕೊಡುವ ಹೆಚ್ಚಿನ ದುಡ್ಡು ದಂಡವಲ್ಲ.

ಮೊದಲ ಕೆಲಸ: ಹೆಸರು

ಹೆಚ್ಚಿನ ತೊಂದರೆ ಶುರುವಾಗುವುದು ಇನಿಷಿಯಲ್‌ನಿಂದ. ಶಾಲೆಯಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಆಧಾರ್‌ನಲ್ಲಿ ಹೆಸರಿನ ಹಿಂದೆ, ಜನನ ಪ್ರಮಾಣಪತ್ರದಲ್ಲಿ ಬರೀ ಹೆಸರು. ಪಾಸ್‌ಪೋರ್ಟಿಗೆ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಸರ್‌ನೇಮ್ ಕಾಲಂ ಖಾಲಿ ಬಿಟ್ಟರೂ ಪಾಸ್‌ಪೋರ್ಟ್ ಬರುತ್ತದೆ. ತಾಪತ್ರಯ ಕಾಣಿಸುವುದು ಟಿಕೆಟ್ ಬುಕ್ ಮಾಡುವಾಗ. ಆ ಕಾಲಂ ತುಂಬದೆ ವಿಮಾನ ಕಂಪನಿಯ ವೆಬ್‌ಸೈಟ್ ಮುಂದೆ ಹೋಗುವುದಿಲ್ಲ. ಕೆಲವರು ಹೆಸರನ್ನೇ ಎರಡು ಸಲ ಬರೆಯಿರಿ ಎನ್ನುತ್ತಾರೆ, ಇನ್ನು ಕೆಲವರದು ಬೇರೆ ನಿಯಮ. ಹೊಸದಾಗಿ ಮಾಡಿಸುವವರು ತಂದೆಯ ಹೆಸರನ್ನೋ ಮನೆತನದ ಹೆಸರನ್ನೋ ಸರ್‌ನೇಮಿನಲ್ಲಿ ಹಾಕಿಬಿಡಿ. ಈಗಾಗಲೇ ಖಾಲಿ ಇದ್ದರೆ ಕಂಪನಿಯನ್ನು ಕೇಳಿ, ಅವರು ಹೇಳಿದಂತೆ ಬುಕ್ ಮಾಡಿ. ವೀಸಾ ಅರ್ಜಿ ಮತ್ತು ಇನ್ಶೂರೆನ್ಸಿನಲ್ಲಿ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ.

ಮೈಸೂರಿನಲ್ಲಿ 2017ರಿಂದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ, ಇದಕ್ಕಾಗಿ ಬೆಂಗಳೂರಿಗೆ ಓಡಬೇಕಿಲ್ಲ. ಚಿಕ್ಕ ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷ ಆಯಸ್ಸು ಎಂಬುದನ್ನು ಮರೆತು, ಅಪ್ಪ ಅಮ್ಮಂದಿರದು ಸರಿಯಿದೆ ಎಂದು ಎಲ್ಲರದೂ ಸರಿಯಿದೆ ಅಂದುಕೊಳ್ಳುವವರು ಬಹಳ. ಯುರೋಪ್ ಬಿಡುವ ದಿನದಿಂದ ಮುಂದೆ ಕನಿಷ್ಠ ಮೂರು ತಿಂಗಳು ಅವಧಿ ಉಳಿದಿರಬೇಕು, ಎರಡು ಪುಟ ಖಾಲಿ ಇರಬೇಕು.

ವೀಸಾ

ಫ್ರಾನ್ಸ್, ನೆದರ್ಲೆಂಡ್ಸ್ ಎರಡಕ್ಕೂ ಒಂದೇ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ, ಸಾಕು. ಯಾವ ದೇಶದಲ್ಲಿ ಹೆಚ್ಚು ರಾತ್ರಿಯೋ ಅಲ್ಲಿಗೆ ಅರ್ಜಿ. ರಾತ್ರಿಗಳು ಸಮನಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಸ್ಲಾಟ್ ಸಿಗಲಿಲ್ಲವೆಂದು ಬೇರೆ ದೇಶಕ್ಕೆ ಹಾಕಿ ಹೋಟೆಲ್ ಬುಕಿಂಗ್ ಮಾತ್ರ ಫ್ರಾನ್ಸಿನದು ತೋರಿಸಿದರೆ ತಿರಸ್ಕಾರಕ್ಕೆ ನೀವೇ ಕಾರಣ ಒದಗಿಸಿದಂತೆ.

ಪ್ರವಾಸಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಎಳೆಯುತ್ತದೆ. ಏಪ್ರಿಲ್‌ನ ಬೇಸಿಗೆ ರಜೆಗೆ ಹೊರಡುವವರು ಜನವರಿಯಲ್ಲೇ ಅಪಾಯಿಂಟ್‌ಮೆಂಟ್ ಹಿಡಿಯಿರಿ. ಮಾರ್ಚ್ ಹೊತ್ತಿಗೆ ಇಡೀ ಕರ್ನಾಟಕ ಅದೇ ಕ್ಯೂನಲ್ಲಿರುತ್ತದೆ. ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನವರಿಗೆ 45, ಆರರ ಒಳಗಿನವರಿಗೆ ಇಲ್ಲ. ಎಂಟು ಮತ್ತು ನಾಲ್ಕು ವರ್ಷದ ಮಕ್ಕಳಿರುವ ಮನೆಗೆ 225 ಯೂರೊ; ಯೂರೊಗೆ 100 ರೂಪಾಯಿ ಹಿಡಿದರೆ 22,500. ಇದರ ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ. ತಿರಸ್ಕಾರವಾದರೆ ದುಡ್ಡು ವಾಪಸ್ ಬರುವುದಿಲ್ಲ, ಹಾಗಾಗಿ ವೀಸಾ ಕೈಗೆ ಬರುವವರೆಗೆ ಉಚಿತವಾಗಿ ರದ್ದು ಮಾಡಬಹುದಾದ ಹೋಟೆಲನ್ನೇ ಬುಕ್ ಮಾಡಿ.

ಹಾಲುಗಲ್ಲದ ಕೂಸಿಗೂ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಫೋಟೊ, ಕನಿಷ್ಠ 30,000 ಯೂರೊ ಮೊತ್ತದ ಪ್ರತ್ಯೇಕ ಇನ್ಶೂರೆನ್ಸ್ ಬೇಕು. ಸ್ಟುಡಿಯೋದಲ್ಲಿ ಫೋಟೊದ ಅಳತೆ 35×45 ಮಿಲಿಮೀಟರ್ ಎಂದು ಬಾಯಿಬಿಟ್ಟು ಹೇಳಿ. ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್ಸ್, ರಜೆ ಪತ್ರಗಳ ಜೊತೆ ಮಕ್ಕಳ ಜನನ ಪ್ರಮಾಣಪತ್ರ ಮತ್ತು ಶಾಲೆಯ ಪತ್ರ ಇರಲಿ. ಹಳೆಯ ಪ್ರಮಾಣಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ಇಂಗ್ಲಿಷ್ ಅನುವಾದ ಮಾಡಿಸಿ. ಅಪ್ಪ ಅಮ್ಮಂದಿರಲ್ಲಿ ಒಬ್ಬರೇ ಕರೆದೊಯ್ಯುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ನೋಟರಿಯಾಗಿರಬೇಕು. ಹನ್ನೆರಡರೊಳಗಿನ ಮಕ್ಕಳಿಗೆ ಬೆರಳಚ್ಚು ಇಲ್ಲ. ಅಲ್ಲಿ ಇಳಿದಾಗ ಮಾತ್ರ, 2025ರ ಅಕ್ಟೋಬರಿನಲ್ಲಿ ಶುರುವಾದ ಹೊಸ ಗಡಿ ನೋಂದಣಿಯಲ್ಲಿ ಮಕ್ಕಳ ಮುಖದ ಫೋಟೊ ತೆಗೆಯುತ್ತಾರೆ. ಕ್ಯೂ ಉದ್ದ ಇರಬಹುದು. ಇಮಿಗ್ರೇಷನ್‌ಗೆ ಮೊದಲೇ ಮಕ್ಕಳನ್ನು ಟಾಯ್ಲೆಟ್‌ಗೆ ಕಳಿಸಿ.

ಚೀಲದಲ್ಲಿ ಏನು ಹೋಗಬಹುದು

ಮೈಸೂರ್ ಪಾಕ್ ಮನೆಯಲ್ಲೇ ಇರಲಿ. ಹೊರಗಿನ ದೇಶಗಳಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ತುಪ್ಪ, ಪೇಡ ಎಲ್ಲ ಅದರಡಿ ಬರುತ್ತವೆ. ಕೂಸಿನ ಹಾಲಿನ ಪುಡಿಗೆ ಮಾತ್ರ, ಸೀಲ್ ಒಡೆಯದ ಡಬ್ಬಿಯಲ್ಲಿ 2 ಕಿಲೋವರೆಗೆ ರಿಯಾಯಿತಿ ಇದೆ. ಹಣ್ಣು, ತರಕಾರಿ, ಸೊಪ್ಪಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಆದ್ದರಿಂದ ಕರಿಬೇವು, ಮಾವಿನಹಣ್ಣು ಎರಡೂ ಇಲ್ಲ. ಬಾಳೆಹಣ್ಣಿಗೆ ಆ ನಿಯಮದಿಂದ ವಿನಾಯಿತಿ ಇದೆ, ನಂಜನಗೂಡು ರಸಬಾಳೆ ಒಯ್ಯಲು ಅಡ್ಡಿಯಿಲ್ಲ. ಹತ್ತು ಗಂಟೆಯ ಹಾರಾಟದಲ್ಲಿ ಅದು ಏನಾಗುತ್ತದೋ ಅದು ನಿಮ್ಮ ಹಣೆಬರಹ.

ಅವಲಕ್ಕಿ, ಚಟ್ನಿಪುಡಿ, ಎಣ್ಣೆಯಲ್ಲಿ ಕರಿದ ನಿಪ್ಪಟ್ಟು, ಕೋಡುಬಳೆ ಒಯ್ಯಿರಿ. ಪುಳಿಯೋಗರೆ ಗೊಜ್ಜು ಸೆಕ್ಯೂರಿಟಿಯವರ ಲೆಕ್ಕದಲ್ಲಿ ದ್ರವ, 100 ಮಿಲಿಗಿಂತ ದೊಡ್ಡ ಸೀಸೆ ಕೈಚೀಲದಲ್ಲಿದ್ದರೆ ಕಸದ ಬುಟ್ಟಿಗೆ ಹೋಗುತ್ತದೆ. ಚೆಕ್‌ಇನ್ ಪೆಟ್ಟಿಗೆಯಲ್ಲಿ ಹಾಕಿ. ಜ್ವರದ ಸಿರಪ್, ವಾಂತಿ ಮಾತ್ರೆ, ಓಆರ್‌ಎಸ್ ಪೊಟ್ಟಣ ಡಾಕ್ಟರ ಚೀಟಿಯ ಜೊತೆ ಇರಲಿ. ಮಗುವಿನ ಈಗಿನ ತೂಕಕ್ಕೆ ಎಷ್ಟು ಮಿಲಿ ಎಂದು ಆ ಚೀಟಿಯ ಮೇಲೆಯೇ ಬರೆಸಿಕೊಳ್ಳಿ. ಯುರೋಪಿನ ತುರ್ತು ಸಂಖ್ಯೆ 112. ಒಂದು ಪ್ಲಾಸ್ಟಿಕ್ ಮಗ್ ಕೂಡ ಇರಲಿ, ಅಲ್ಲಿನ ಟಾಯ್ಲೆಟ್‌ಗಳಲ್ಲಿ ನೀರಿನ ವ್ಯವಸ್ಥೆ ಇರುವುದಿಲ್ಲ.

ಮನೆ ಹಿಡಿಯುವಾಗ

ಪ್ಯಾರಿಸ್‌ನ ಹೋಟೆಲ್ ರೂಮುಗಳು ಇಕ್ಕಟ್ಟು. ಇಬ್ಬರ ರೂಮು ಹಿಡಿದು ಮಕ್ಕಳನ್ನು ನಡುವೆ ಮಲಗಿಸೋಣ ಎಂಬುದು ಅಲ್ಲಿ ನಡೆಯುವುದಿಲ್ಲ. ಬುಕಿಂಗ್‌ನಲ್ಲಿ ಮಕ್ಕಳ ವಯಸ್ಸು ಸಮೇತ ನಾಲ್ವರನ್ನೂ ತೋರಿಸಿ. ಅಡುಗೆಮನೆ ಇರುವ ಸರ್ವೀಸ್ ಅಪಾರ್ಟ್‌ಮೆಂಟ್ ಒಳ್ಳೆಯದು. ಬುಕ್ ಮಾಡುವ ಮುಂಚೆ ಲಿಫ್ಟ್ ಇದೆಯೇ ನೋಡಿ. ಹಳೆಯ ಕಟ್ಟಡಗಳಲ್ಲಿ ಐದನೇ ಮಹಡಿಗೂ ಸುರುಳಿ ಮೆಟ್ಟಿಲೇ ಗತಿ ಇರಬಹುದು. ಒಲೆ ಇಂಡಕ್ಷನ್ ಆಗಿದ್ದರೆ ಮನೆಯ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ, ಇಂಡಕ್ಷನ್ ತಳದ ಸ್ಟೀಲಿನದು ಬೇಕು. ಒಗ್ಗರಣೆಗೆ ಮೆಣಸಿನಕಾಯಿ ಹಾಕುವ ಮೊದಲು ಕಿಟಕಿ ತೆರೆಯಿರಿ, ಇಲ್ಲದಿದ್ದರೆ ಹೊಗೆ ಅಲಾರಂ ಬಡಿದುಕೊಳ್ಳುತ್ತದೆ. ಪ್ಲಗ್ಗಿಗೆ ಎರಡು ದುಂಡು ಕಡ್ಡಿಯ ಯುರೋಪ್ ಅಡಾಪ್ಟರ್ ಬೇಕು. ವೋಲ್ಟೇಜ್ ನಮ್ಮದರಂತೆಯೇ 230.

ಅಕ್ಕಿ, ಬೇಳೆ, ಕರಿಬೇವಿಗೆ ಗಾರ್ ದು ನಾರ್ ನಿಲ್ದಾಣದಿಂದ ನಡೆದೇ ಹೋಗಬಹುದಾದ ಲಾ ಶಾಪೆಲ್ ಬೀದಿಗಳಿಗೆ ಹೋಗಿ. ಶ್ರೀಲಂಕಾ ತಮಿಳರ ಅಂಗಡಿಗಳು ಸಾಲಾಗಿವೆ, ದೋಸೆ ಹೋಟೆಲೂ ಇದೆ. ಬೇರೆಡೆ ಬಹಳಷ್ಟು ಹೋಟೆಲುಗಳ ಅಡುಗೆಮನೆ ಮಧ್ಯಾಹ್ನ ಎರಡರ ನಂತರ ಮುಚ್ಚಿ ಸಂಜೆ ಏಳರ ಮೇಲೆ ತೆರೆಯುತ್ತದೆ. ಮಕ್ಕಳಿಗೆ ಹಸಿವಾಗುವುದು ಸರಿಯಾಗಿ ಐದಕ್ಕೆ. ಆ ಹೊತ್ತಿಗೆ ಬೇಕರಿ ಹುಡುಕಿಕೊಳ್ಳಿ ಅಥವಾ ಮೊಸರನ್ನದ ಡಬ್ಬಿ ಜೊತೆಗಿರಲಿ. ನಲ್ಲಿ ನೀರು ಕುಡಿಯಬಹುದು. ಹೋಟೆಲಿನಲ್ಲಿ ‘ಕರಾಫ್ ದೋ’ ಎಂದು ಕೇಳಿದರೆ ಜಗ್ ನೀರು ಬಿಟ್ಟಿ ಕೊಡುತ್ತಾರೆ.

ದಿನಕ್ಕೊಂದೇ ಟಿಕೆಟ್

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಪ್ಯಾರಿಸ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಮನೆಯಲ್ಲಿ ಆರೂವರೆಗೆ ಏಳುವ ಮಗು ಅಲ್ಲಿ ಮೊದಲ ದಿನ ರಾತ್ರಿ ಮೂರಕ್ಕೇ ಕಣ್ಣು ಬಿಡುತ್ತದೆ, ಸಂಜೆ ಐದೂವರೆಗೆ ತೂಕಡಿಸುತ್ತದೆ. ಇದರ ಜೊತೆ ಜಗಳವಾಡಬೇಡಿ. ಕಾಸು ಕೊಟ್ಟು ನೋಡುವ ಒಂದೇ ಜಾಗವನ್ನು ಬೆಳಗ್ಗೆ ಒಂಬತ್ತು, ಒಂಬತ್ತೂವರೆಯ ಸ್ಲಾಟಿಗೆ ಬುಕ್ ಮಾಡಿ, ಮಧ್ಯಾಹ್ನ ಪಾರ್ಕಿಗೆ ಬಿಡಿ. ಮೇ ಕೊನೆಗೆ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆ ದಾಟಿದ ಮೇಲೆ. ಬೆಳಕಿದೆಯೆಂದು ಸುತ್ತುತ್ತಿದ್ದರೆ ಮರುದಿನ ಇಡೀ ಅಳು.

ಇಳಿದ ದಿನ ಲಕ್ಸಂಬರ್ಗ್ ಉದ್ಯಾನ ಸಾಕು. ಅಲ್ಲಿನ ಕೊಳದಲ್ಲಿ ಬಾಡಿಗೆಯ ಪುಟ್ಟ ಹಾಯಿದೋಣಿಗಳನ್ನು ಕೋಲಿನಿಂದ ತಳ್ಳುತ್ತಾ ಮಕ್ಕಳು ಹೊತ್ತು ಕಳೆಯುತ್ತಾರೆ. ಐಫೆಲ್ ಗೋಪುರದ ಲಿಫ್ಟ್ ಟಿಕೆಟ್ ಅಧಿಕೃತ ವೆಬ್‌ಸೈಟಿನಲ್ಲಿ 60 ದಿನ ಮೊದಲು ತೆರೆಯುತ್ತದೆ, ಒಳ್ಳೆಯ ಸ್ಲಾಟುಗಳು ಬೇಗ ಖಾಲಿ. ಎರಡನೇ ಹಂತಕ್ಕೆ ಮೆಟ್ಟಿಲು 674. ಎಂಟು ದಾಟಿದ ಚುರುಕಿನ ಮಕ್ಕಳಾದರೆ ಅದೇ ಮಜಾ, ಕೂಸುಗಳಿದ್ದರೆ ಯೋಚಿಸಲೂ ಬೇಡಿ. ಲೂವ್ರ್ ಸಂಗ್ರಹಾಲಯ ಮಂಗಳವಾರ ರಜೆ, ವರ್ಸೈ ಅರಮನೆ ಮತ್ತು ಓರ್ಸೆ ಸಂಗ್ರಹಾಲಯ ಸೋಮವಾರ ರಜೆ, ಮೇ 1ರಂದು ಮೂರೂ ಮುಚ್ಚಿರುತ್ತವೆ. ಲೂವ್ರ್‌ನಲ್ಲಿ 18ರೊಳಗಿನವರಿಗೆ ಪ್ರವೇಶ ಉಚಿತ, ಆದರೂ ಅವರಿಗೂ ಸಮಯದ ಸ್ಲಾಟ್ ಬುಕ್ ಮಾಡಿ.

ಲೂವ್ರ್‌ನಲ್ಲಿ ಒಂದೂವರೆ ಗಂಟೆ ಮಿತಿ. ಸುಲ್ಲಿ ವಿಭಾಗದಲ್ಲಿ ನೆಲಮಾಳಿಗೆಗೆ ಇಳಿದರೆ ಹಳೆಯ ಕೋಟೆಯ ಕಂದಕದ ಗೋಡೆ, ಅಲ್ಲೇ ಹತ್ತಿರ ದೊಡ್ಡ ಸ್ಫಿಂಕ್ಸ್, ಮೇಲೆ ಈಜಿಪ್ಟಿನ ಮಮ್ಮಿ. ಮಕ್ಕಳಿಗೆ ಇಷ್ಟು ಸಾಕು. ಮೊನಾಲಿಸಾ ಕೋಣೆಯಲ್ಲಿ ಅವರಿಗೆ ಕಾಣುವುದು ದೊಡ್ಡವರ ಸೊಂಟ ಮತ್ತು ಎತ್ತಿ ಹಿಡಿದ ಮೊಬೈಲ್‌ಗಳು. ಮಳೆ ಬಂದ ದಿನಕ್ಕೆಂದು ಲಾ ವಿಲೆತ್‌ನ ವಿಜ್ಞಾನ ಕೇಂದ್ರವನ್ನು ಎತ್ತಿಟ್ಟುಕೊಳ್ಳಿ. ನೀರು, ಗಾಳಿ, ಯಂತ್ರಗಳನ್ನು ಕೈಯಾರೆ ಮುಟ್ಟಿ ಆಡುವ ವಿಭಾಗ ಅಲ್ಲಿದೆ, ವಯಸ್ಸಿಗೆ ತಕ್ಕಂತೆ ಬೇರೆ ಬೇರೆ.

ಮೆಟ್ರೊ ಬೇಗ ತಲುಪಿಸುತ್ತದೆ, ಆದರೆ ಬಹುತೇಕ ಹಳೆಯ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ. ತಳ್ಳುಗಾಡಿ ಇದ್ದವರು ಬಸ್ ಹಿಡಿಯಿರಿ, ಮೆಟ್ರೊ ಬೇಕೇ ಬೇಕಾದರೆ ಎಲ್ಲಾ ನಿಲ್ದಾಣಗಳಲ್ಲೂ ಲಿಫ್ಟ್ ಇರುವ 14ನೇ ಲೈನ್. ನಾಲ್ಕರೊಳಗಿನವರಿಗೆ ಟಿಕೆಟ್ ಇಲ್ಲ, ಹತ್ತರೊಳಗಿನವರಿಗೆ ಅರ್ಧ. ಒಂದೇ ಪ್ರಯಾಣ ಕಾರ್ಡನ್ನು ಇಬ್ಬರು ತೋರಿಸುವಂತಿಲ್ಲ, ಸಿಕ್ಕಿಬಿದ್ದರೆ ಸ್ಥಳದಲ್ಲೇ ದಂಡ. ವಿಮಾನ ನಿಲ್ದಾಣದಿಂದ ಊರೊಳಗೆ 2025ರ ದರದಲ್ಲಿ ರೈಲಿಗೆ ತಲೆಗೆ 13 ಯೂರೊ. ಟ್ಯಾಕ್ಸಿಗೆ ಸೇನ್ ನದಿಯ ಬಲದಂಡೆಗೆ 56, ಎಡದಂಡೆಗೆ 65 ಎಂದು ನಿಗದಿ. ಮಕ್ಕಳು ಹತ್ತು ದಾಟಿದ್ದರೆ ನಾಲ್ವರಿಗೆ ರೈಲಿಗೇ 52 ಆಗುತ್ತದೆ, ಟ್ಯಾಕ್ಸಿಯೇ ವಾಸಿ. ಒಳಗೆ ಕರೆಯಲು ಬರುವವರ ಹಿಂದೆ ಹೋಗದೆ ಹೊರಗಿನ ಅಧಿಕೃತ ಸಾಲಿನಲ್ಲಿ ನಿಲ್ಲಿ.

ಹೊರಡುವ ಮುಂಚೆಯೇ ಮಕ್ಕಳಿಗೆ ಒಂದು ಪಾಠ ಬಾಯಿಪಾಠವಾಗಿರಲಿ. ಮೆಟ್ರೊ ಬಾಗಿಲು ಮುಚ್ಚಿ ತಾನೊಬ್ಬನೇ ಒಳಗುಳಿದರೆ ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ನಿಲ್ಲಬೇಕು. ಹೊರಗುಳಿದರೆ ನಿಂತ ಜಾಗ ಬಿಟ್ಟು ಕದಲಬಾರದು. ಹೋಟೆಲ್ ವಿಳಾಸ ಮತ್ತು ಪ್ಲಸ್ 91 ಸೇರಿಸಿದ ಫೋನ್ ನಂಬರ್ ಬರೆದ ಚೀಟಿ ಒಳಜೇಬಿನಲ್ಲಿರಲಿ. ಪಾಸ್‌ಪೋರ್ಟುಗಳನ್ನು ಮಕ್ಕಳ ಬೆನ್ನಚೀಲದಲ್ಲಿ ಇಡಬೇಡಿ; ಐಫೆಲ್ ಬಳಿ ಸಹಿ ಕೇಳುವವರು, ಕೈಗೆ ದಾರ ಕಟ್ಟಲು ಬರುವವರು ಗಮನ ಬೇರೆಡೆ ಸೆಳೆಯುವವರೇ. ಕಾರ್ಡ್ ಉಜ್ಜುವಾಗ ಮಷಿನ್ ರೂಪಾಯಿಯೋ ಯೂರೊವೋ ಎಂದು ಕೇಳಿದರೆ ಯೂರೊ ಒತ್ತಿ, ರೂಪಾಯಿ ಒತ್ತಿದರೆ ಅವರು ಹಾಕಿದ್ದೇ ದರ.

ಹೋಗುವಾಗ, ಬರುವಾಗ

ಯುರೋಪಿನ ವಿಮಾನಗಳು ಹೆಚ್ಚಾಗಿ ನಡುರಾತ್ರಿಯ ನಂತರ ಹೊರಡುತ್ತವೆ. ಎಕ್ಸ್‌ಪ್ರೆಸ್‌ವೇ ಆದಮೇಲೆ ಬೆಂಗಳೂರು ಹತ್ತಿರವಾಗಿದೆ ನಿಜ, ಆದರೆ ಕೆಂಗೇರಿಯಿಂದ ದೇವನಹಳ್ಳಿಗೆ ಹೋಗುವ ದಾರಿ ಹಾಗೇ ಇದೆ. ಮೈಸೂರನ್ನು ಸಂಜೆ ಐದಕ್ಕೆ ಬಿಟ್ಟರೆ ಆಫೀಸು ಬಿಡುವ ಟ್ರಾಫಿಕ್ಕಿಗೆ ಸರಿಯಾಗಿ ಸಿಕ್ಕಿಕೊಳ್ಳುತ್ತೀರಿ. ಮೂರಕ್ಕೇ ಹೊರಟು ನಿಲ್ದಾಣದಲ್ಲೇ ಊಟ ಮಾಡಿಸಿ. ಮಂಡ್ಯ ದಾರಿಯಲ್ಲಿ ಹೋಗುವ ಕೆಎಸ್‌ಆರ್‌ಟಿಸಿ ಫ್ಲೈಬಸ್ ಕೂಡ ಇದೆ. ದಸರಾ ರಜೆಯಲ್ಲಿ ಹೊರಡುವವರು ಜಂಬೂಸವಾರಿಯ ದಿನ ಮಾತ್ರ ತಪ್ಪಿಸಿ, ಅಂದು ಊರಿನಿಂದ ಹೊರಬೀಳುವುದೇ ಸಾಹಸ. ವಾಪಸ್ ಬರುವ ವಿಮಾನಗಳೂ ಬಹುತೇಕ ನಡುರಾತ್ರಿಯ ಆಸುಪಾಸಿಗೆ ಇಳಿಯುತ್ತವೆ. ಹತ್ತು ಗಂಟೆ ಕೂತು ಬಂದವರು ಕಾರು ಓಡಿಸಿಕೊಂಡು ಮೈಸೂರಿಗೆ ಹೊರಡಬೇಡಿ. ಡ್ರೈವರ್‌ಗೆ ಮೊದಲೇ ಹೇಳಿಡಿ, ಶಾಲೆಗೆ ಇನ್ನೊಂದು ದಿನ ರಜೆ ಕೇಳಿ.