ಫಿಸಿಕ್ಸ್ ಪ್ರಾಕ್ಟಿಕಲ್ ಮುಗಿದ ಮೇಲೆ ಉತ್ತರ ತಾಳೆ ನೋಡುವುದು ಹೇಗೆ?

ಲ್ಯಾಬಿನಿಂದ ಹೊರಬಿದ್ದ ತಕ್ಷಣ ‘ನಿಂಗೆಷ್ಟು ಬಂತೋ?’ ಶುರುವಾಗುತ್ತದೆ. ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಸಾಗರದ, ತೀರ್ಥಹಳ್ಳಿಯ ಬಸ್ಸು ಹತ್ತುವವರೆಗೂ ಅದೇ ಮಾತು. ಆದರೆ ಮೊದಲು ಕೇಳಬೇಕಾದ್ದು ‘ಯಾವ ಟೇಬಲ್ಲು?’ ಎಂದು. ತಂತಿಯ ರೋಧ ಅಳೆಯುವ ಮೀಟರ್ ಬ್ರಿಡ್ಜಿನಲ್ಲಿ ಒಬ್ಬರಿಗೆ 3 ಓಮ್, ಇನ್ನೊಬ್ಬರಿಗೆ 5 ಓಮ್ ಬಂದರೆ ಇಬ್ಬರದೂ ಸರಿಯಿರಬಹುದು. ಕೊಟ್ಟ ತಂತಿಯೇ ಬೇರೆ. ಲೆನ್ಸಿನ ಕಥೆಯೂ ಅಷ್ಟೇ. ನಿಮ್ಮದೇ ಟೇಬಲ್ಲಿನಲ್ಲಿ ಮಾಡಿದವರು ಸಿಗದಿದ್ದರೆ, ನೆನಪು ಮಾಸುವ ಮೊದಲು ರೀಡಿಂಗುಗಳನ್ನು ಬರೆದಿಟ್ಟುಕೊಂಡು ಅವನ್ನೇ ಪರೀಕ್ಷಿಸಿ.

ಮೀಟರ್ ಬ್ರಿಡ್ಜ್: ಎಡಗಡೆ ಗ್ಯಾಪಿನಲ್ಲಿ ರೆಸಿಸ್ಟೆನ್ಸ್ ಬಾಕ್ಸಿನ ರೋಧ R 2 ಓಮ್, ಬ್ಯಾಲೆನ್ಸ್ ಉದ್ದ l 40 ಸೆಂ.ಮೀ. ಎಂದರೆ ಕೊಟ್ಟ ತಂತಿಯ ರೋಧ S = 2×60/40 = 3 ಓಮ್. 1.33 ಬಂದಿದ್ದರೆ l ಮತ್ತು 100−l ಅದಲುಬದಲಾಗಿವೆ. ಬ್ಯಾಲೆನ್ಸ್ ಬ್ರಿಡ್ಜಿನ ತಂತಿಯ ನಡುವೆ ಸಿಕ್ಕಿದ್ದರೆ ಒಂದು ಮಿ.ಮೀ. ತಪ್ಪಿಗೆ ಉತ್ತರದಲ್ಲಿ ಶೇ. 0.4 ವ್ಯತ್ಯಾಸ, 10 ಸೆಂ.ಮೀ. ಹತ್ತಿರ ಸಿಕ್ಕಿದ್ದರೆ ಶೇ. 1.1. ಒಂದೇ ತಂತಿಗೆ ನಿಮ್ಮ S ಮಾತ್ರ ಕಡಿಮೆ ಬಂದಿದ್ದರೆ ರೆಸಿಸ್ಟೆನ್ಸ್ ಬಾಕ್ಸಿನ ಪ್ಲಗ್ ಸಡಿಲವಿತ್ತೇ ನೆನಪಿಸಿಕೊಳ್ಳಿ. ಸಡಿಲ ಪ್ಲಗ್ ತಾನೂ ಒಂದಿಷ್ಟು ರೋಧ ಸೇರಿಸುತ್ತದೆ, ಲೆಕ್ಕದಲ್ಲಿ ಅದು ಬಂದಿರುವುದಿಲ್ಲ.

ರೋಧಶೀಲತೆಯಲ್ಲಿ ದೊಡ್ಡ ಜಗಳ ತಂತಿಯ ವ್ಯಾಸ ಅಳೆಯುವ ಸ್ಕ್ರೂ ಗೇಜಿನದು. ವ್ಯಾಸ 0.40 ಮಿ.ಮೀ. ಇರುವಾಗ 0.02 ಮಿ.ಮೀ. ಝೀರೋ ಎರರ್ (ಗೇಜು ಪೂರ್ತಿ ಮುಚ್ಚಿದಾಗಲೂ ತೋರಿಸುವ ರೀಡಿಂಗು) ಬಿಟ್ಟುಹೋದರೆ ವ್ಯಾಸದಲ್ಲಿ ಶೇ. 5, ವರ್ಗ ಮಾಡುವುದರಿಂದ ಉತ್ತರದಲ್ಲಿ ಸುಮಾರು ಶೇ. 10 ತಪ್ಪು. ಗೆಳೆಯರ ಉತ್ತರಕ್ಕಿಂತ ಸರಿಯಾಗಿ ನಾಲ್ಕು ಪಟ್ಟು ಬಂದಿದ್ದರೆ ತ್ರಿಜ್ಯದ ಜಾಗದಲ್ಲಿ ವ್ಯಾಸ ಹಾಕಿದ್ದೀರಿ.

ಪ್ರಥಮ ಪಿಯುಸಿಯ ಸರಳ ಲೋಲಕದಲ್ಲಿ 9.8ಕ್ಕೇ ಜೋತುಬೀಳಬೇಡಿ. ಶಿವಮೊಗ್ಗದ ಅಕ್ಷಾಂಶ, ಎತ್ತರಕ್ಕೆ ಗುರುತ್ವ ವೇಗೋತ್ಕರ್ಷ g ಸುಮಾರು 9.78. ಒಂದು ಮೀಟರ್ ಉದ್ದಕ್ಕೆ 20 ಆಂದೋಲನಗಳಿಗೆ 40.2 ಸೆಕೆಂಡು ಬರಬೇಕು. ಸ್ಟಾಪ್‌ವಾಚ್ ಒತ್ತುವಾಗ 0.2 ಸೆಕೆಂಡು ಹೆಚ್ಚುಕಮ್ಮಿಯಾದರೂ g 0.1ರಷ್ಟು ಜರುಗುತ್ತದೆ, ಹಾಗಾಗಿ 9.7 ಮತ್ತು 9.9 ಬಂದವರು ಜಗಳವಾಡಬೇಕಿಲ್ಲ. 10.8 ಬಂದವರು ಮಾತ್ರ ಎಣಿಕೆ ನೋಡಲಿ: ವಾಚ್ ಒತ್ತುವಾಗ ‘ಸೊನ್ನೆ’ ಎನ್ನುವ ಬದಲು ‘ಒಂದು’ ಎಂದಿದ್ದಾರೆ, ಆಗಿದ್ದು 19 ಆಂದೋಲನ.

ಎ.ಸಿ. ವಿದ್ಯುತ್ತಿನ ಆವೃತ್ತಿ ಅಳೆಯುವ ಸೋನೋಮೀಟರಿನಲ್ಲಿ ಉಕ್ಕಿನ ತಂತಿ, ವಿದ್ಯುತ್ಕಾಂತ ಇದ್ದು 100 ಹರ್ಟ್ಸ್ ಬಂದಿದ್ದರೆ ಅರ್ಧ ಮಾಡಲು ಮರೆತಿದ್ದೀರಿ. ಒಂದು ಸೈಕಲ್ಲಿಗೆ ತಂತಿ ಎರಡು ಸಲ ಸೆಳೆಯಲ್ಪಡುತ್ತದೆ. ಪ್ರಿಸಂನಲ್ಲಿ ಕೋನ 60 ಡಿಗ್ರಿ, ಕನಿಷ್ಠ ವಿಚಲನೆ 37 ಬಂದರೆ ವಕ್ರೀಭವನ ಸೂಚ್ಯಂಕ 1.50, 38 ಬಂದರೆ 1.51. ಅದು ವ್ಯತ್ಯಾಸವೇ ಅಲ್ಲ.

ಮಧ್ಯಾಹ್ನದ ಬ್ಯಾಚಿನವರು ಕೇಳಿದರೆ ಉತ್ತರ ಹೇಳಿಕೊಡಬೇಡಿ. ತಂತಿ ಬದಲಾಗಿದ್ದರೆ ನಿಮ್ಮ 3 ಓಮಿಗೆ ರೀಡಿಂಗು ತಿರುಚಲು ಹೋಗಿ ಅವರು ಕೆಡುತ್ತಾರೆ. ಪ್ಲಗ್ ಒತ್ತಿ ತಿರುಗಿಸಿ, ಝೀರೋ ಎರರ್ ಬರೆದುಕೊಳ್ಳಿ, ಉತ್ತರದ ಮುಂದೆ ಯೂನಿಟ್ ಹಾಕಿ ಎನ್ನಿ.