ಸಂಸದರಿಗೆ ಪತ್ರ ಬರೆಯುವ ಮುನ್ನ ತಾರೀಖು ನೋಡಿಕೊಳ್ಳಿ

ಅಪ್ಪ-ಅಮ್ಮನ ವೀಸಾ ತಿರಸ್ಕೃತವಾದರೆ ಜರ್ಮನಿಯ ಹೊಸ ಕನ್ನಡಿಗರು ಮೊದಲು ಹುಡುಕುವುದು ಅಲ್ಲಿನ ಸ್ಥಳೀಯ ಜರ್ಮನ್ ಸಂಸದರನ್ನು. ಅವರು ಹಿಂದೆ ವಿದೇಶಾಂಗ ಇಲಾಖೆಯಲ್ಲಿದ್ದವರಾದರೆ ಕೆಲಸ ಆಗಿಹೋಯಿತೆಂದೇ ಲೆಕ್ಕ. ಆಗುವುದಿಲ್ಲ.

ಅಲೆಕ್ಸಾಂಡರ್ ಗ್ರಾಫ್ ಲಾಂಬ್ಸ್‌ಡಾರ್ಫ್ ಅವರನ್ನು ನೋಡಿ. ವಾಷಿಂಗ್ಟನ್ ರಾಯಭಾರ ಕಚೇರಿಯಲ್ಲಿದ್ದವರು 2004ರಲ್ಲಿ ಎಫ್‌ಡಿಪಿ ಎಂಬ ಉದಾರವಾದಿ ಪಕ್ಷದಿಂದ ಯುರೋಪಿಯನ್ ಸಂಸತ್ತಿಗೆ, 2017ರಲ್ಲಿ ಜರ್ಮನ್ ಸಂಸತ್ತಾದ ಬುಂಡೆಸ್ಟಾಗ್‌ಗೆ ಹೋದರು. 2023ರಲ್ಲಿ ರಾಯಭಾರಿಯಾಗಿ ಮಾಸ್ಕೋಗೆ ಹೊರಟಾಗ ಉಪಚುನಾವಣೆಯೂ ನಡೆಯಲಿಲ್ಲ. ಪಕ್ಷದ ಪಟ್ಟಿಯಲ್ಲಿ ಮುಂದಿನವರು ಬಂದರು. ಇಲ್ಲಿ ಸರ್ಕಾರಿ ಅಧಿಕಾರಿ ಬುಂಡೆಸ್ಟಾಗ್‌ಗೆ ಆಯ್ಕೆಯಾದರೆ ಸೇವೆ ಮುಗಿಯುವುದಿಲ್ಲ, ತಡೆದು ನಿಲ್ಲುತ್ತದೆ. ಸದಸ್ಯತ್ವ ಮುಗಿದ ಮೂರು ತಿಂಗಳೊಳಗೆ ಕೇಳಿದರೆ ಮರಳಿ ಸೇರಬಹುದು. ನಮ್ಮ ವಿದೇಶಾಂಗ ಸೇವೆಯ (ಐಎಫ್‌ಎಸ್) ಅಧಿಕಾರಿ ಚುನಾವಣೆಗೆ ನಿಲ್ಲಬೇಕಾದರೆ ನೌಕರಿಯನ್ನೇ ಬಿಡಬೇಕು. ಜೈಶಂಕರ್ ರಾಜ್ಯಸಭೆಗೆ ಬಂದದ್ದೂ ನಿವೃತ್ತಿಯ ನಂತರವೇ. ನನಗೆ ಜರ್ಮನ್ ಪದ್ಧತಿಯೇ ವಾಸಿ ಎನಿಸುತ್ತದೆ. ಸೋತರೂ ಅನ್ನಕ್ಕೆ ದಾರಿಯುಂಟು ಎನ್ನುವವರು ಸ್ವಪಕ್ಷದ ಎದುರೂ ಬಾಯಿ ಬಿಡಬಲ್ಲರು.

ಆದರೆ ಸೇವೆ ನಿಂತಾಗ ಅಧಿಕಾರವೂ ನಿಲ್ಲುತ್ತದೆ. ಸಂಸದರು ಇಲಾಖೆಯನ್ನು ವಿಚಾರಿಸಬಹುದು, ವೀಸಾ ಕೊಡಿಸಲಾರರು.

ನಮ್ಮವರು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಹಿಂದೆ ತಿರಸ್ಕಾರದ ವಿರುದ್ಧ ಅದೇ ದೂತಾವಾಸಕ್ಕೆ ಪುಕ್ಕಟೆಯಾಗಿ ಆಕ್ಷೇಪಣೆ ಬರೆಯಬಹುದಿತ್ತು. 2025ರ ಜುಲೈ 1ರಿಂದ ಆ ಸೌಲಭ್ಯ ಜಗತ್ತಿನಾದ್ಯಂತ ರದ್ದಾಗಿದೆ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮಾತ್ರ ಹಳೆಯ ಆಕ್ಷೇಪಣೆ ಪತ್ರದ ನಮೂನೆ ಇನ್ನೂ ಓಡಾಡುತ್ತಿದೆ! ಈಗಿರುವುದು ಹೊಸ ಅರ್ಜಿ, ಇಲ್ಲವೇ ಬರ್ಲಿನ್ ಆಡಳಿತ ನ್ಯಾಯಾಲಯದಲ್ಲಿ ದಾವೆ. ತಿರಸ್ಕಾರ ಪತ್ರದಲ್ಲಿ ದಾವೆಯ ಸೂಚನೆ ಇದ್ದರೆ, ಪತ್ರ ಕೈಸೇರಿದಂದಿನಿಂದ ನಿಮಗಿರುವುದು ಒಂದೇ ತಿಂಗಳು. ಸಂಸದರ ಪತ್ರವಾಗಲಿ, ನಾಗರಿಕರ ದೂರು-ಮನವಿ ನೋಡುವ ಬುಂಡೆಸ್ಟಾಗ್‌ನ ಅರ್ಜಿ ಸಮಿತಿಗೆ ಬರೆದ ಮನವಿಯಾಗಲಿ ಆ ಗಡುವನ್ನು ಒಂದು ದಿನವೂ ಮುಂದೂಡುವುದಿಲ್ಲ.

ದಾವಣಗೆರೆ ಕಡೆಯ ಪರಿಚಿತರೊಬ್ಬರು ಸಂಸದರ ಕಚೇರಿಯಿಂದ ಉತ್ತರ ಬರಲೆಂದು ಕಾದರು. ಬಹಳ ಸೌಜನ್ಯದ ಉತ್ತರವೇ ಬಂತು, ಗಡುವು ದಾಟಿದ ಮೇಲೆ. ತಂದೆ-ತಾಯಿಗೆ ಮತ್ತೆ ತಲಾ 90 ಯೂರೋ ಶುಲ್ಕ, ಮತ್ತೆ ಬೆಂಗಳೂರಿಗೆ ಓಡಾಟ. ಅಗ್ಗವೆಂದು ಮೊದಲೇ ಕೊಂಡಿದ್ದ ವಿಮಾನದ ಟಿಕೆಟ್ ಹಣ ಹಿಂದಿರುಗಲಿಲ್ಲ.

ಆದ್ದರಿಂದ ಲಕೋಟೆ ತೆರೆದ ದಿನವೇ ತಾರೀಖು ಬರೆದಿಡಲು ಊರಿನಲ್ಲಿರುವವರಿಗೆ ಹೇಳಿ. ತಿರಸ್ಕಾರ ಪತ್ರದ ಪಟ್ಟಿಯಲ್ಲಿ ಯಾವ ಕಾರಣಕ್ಕೆ ಗುರುತು ಹಾಕಿದ್ದಾರೆಂದು ನೋಡಿ. ಕಾಗದದ ಕೊರತೆಯಾದರೆ ಅದನ್ನು ತುಂಬಿ ಹೊಸ ಅರ್ಜಿ ಹಾಕುವುದೇ ಲೇಸು. ದಾವೆ ಹೂಡುವುದಾದರೆ ಮೊದಲ ವಾರದಲ್ಲೇ ವಕೀಲರನ್ನು ಕಾಣಿ. ಸಂಸದರಿಗೂ ಬರೆಯಿರಿ, ತಪ್ಪೇನಿಲ್ಲ. ಜೊತೆಗೆ ಅರ್ಜಿದಾರರ ಸಹಿಯುಳ್ಳ ಒಪ್ಪಿಗೆ ಪತ್ರವನ್ನೂ ಇಡಿ.